ಊರ ಶಾಲೆಯ ಒಡೆಯರು ಯಾರು?

(ತಾಲೂಕಿನ ಶಿಕ್ಷಕರೂ ಪಟ್ಟಣದ ನಾಗರಿಕರೂ ಕೂಡಿದ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ವಕೀಲನಾದವನನ್ನು ಶಿಕ್ಷಕರ ಸಭೆಗೆ ಕರೆದು ಶಾಲೆಯ ವಿಷಯವಾಗಿ ಮಾತಾಡೆಂದು ಹೇಳುವುದು ಸ್ವಲ್ಪ ವಿಚಿತ್ರವೇ ಸರಿ. ಪಾಠ ಹೇಳುವ ಕಲೆಯಲ್ಲಿ ನಾನು ನಿಮಗೆ ತಿಳಿಯಹೇಳತಕ್ಕದ್ದೇನೂ ಇಲ್ಲ. ಆದರೆ ಶಾಲೆಗೆ ಎರಡು ಮುಖಗಳುಂಟು. ಕರಿಹಲಗೆಯ ಮುಂದಿನ ಮುಖ ನಿಮ್ಮದು. ಕರಿಹಲಗೆಯ ಹಿಂದೆ ಇನ್ನೊಂದು ಮುಖವಿದೆ. ಕಟ್ಟಡ ಯಾರದು, ಸಂಬಳ ಯಾರ ಬೊಕ್ಕಸದಿಂದ ಬರುತ್ತದೆ, ಯಾವ ಮಗುವನ್ನು ಸೇರಿಸಿಕೊಳ್ಳಬೇಕು ಯಾವುದನ್ನು ಬಿಡಬೇಕೆಂದು ನಿರ್ಣಯಿಸುವವರು ಯಾರು, ಶಾಲೆಯನ್ನು ಮುಚ್ಚುವ ಅಧಿಕಾರ ಯಾರ ಕೈಯಲ್ಲಿದೆ, ಇವೆಲ್ಲ ಕಾಯದೆಯ ಮಾತುಗಳು. ಈ ಹಿಂದಿನ ಮುಖವು ಕೆಟ್ಟರೆ ಮುಂದಿನ ಮುಖದಲ್ಲಿ ನೀವು ಎಷ್ಟು ಅಂದವಾಗಿ ಬರೆದರೂ ಫಲವಿಲ್ಲ. ಅದಕ್ಕೋಸ್ಕರ ಇಂದು ಆ ಹಿಂದಿನ ಮುಖದ ಬಗ್ಗೆಯೇ ನಾಲ್ಕು ಮಾತು ಹೇಳಲು ನಿಂತಿದ್ದೇನೆ.

ನಮ್ಮ ನಾಡಿನ ಉದಾಹರಣೆಯಿಂದಲೇ ಆರಂಭಿಸಬಹುದಾಗಿತ್ತು. ಆದರೆ ಕೋರ್ಟಿನಲ್ಲಿ ನಾನು ಕಂಡುಕೊಂಡ ಒಂದು ಸಂಗತಿಯಿದೆ. ತನ್ನ ಸ್ವಂತ ಖಟ್ಲೆಯಲ್ಲಿ ನ್ಯಾಯ ಎಲ್ಲಿದೆಯೆಂಬುದು ಕಕ್ಷಿಗಾರನಿಗೆ ಕಾಣಿಸುವುದಿಲ್ಲ. ಮೂರನೆಯವರ ಖಟ್ಲೆಯನ್ನು ಹಿಂದಿನ ಬಾಕಿನ ಮೇಲೆ ಕುಳಿತು ಕೇಳಿದರೆ ಅದೇ ಮನುಷ್ಯನಿಗೆ ನ್ಯಾಯವು ತಟ್ಟನೆ ಹೊಳೆಯುತ್ತದೆ. ಆದ್ದರಿಂದ ಸಮುದ್ರದಾಚೆಯ ಒಂದು ಸಣ್ಣ ಹಳ್ಳಿಗಾಡು ಸಂಸ್ಥಾನದ ಶಾಲೆಗಳ ಕತೆಯನ್ನು ಮೊದಲು ನಿಮ್ಮ ಮುಂದಿಡುತ್ತೇನೆ. ತೀರ್ಪನ್ನು ನೀವೇ ಕೊಡುವಿರಂತೆ.

ಅಮೇರಿಕೆಯ ಸಂಯುಕ್ತ ಸಂಸ್ಥಾನಗಳ ಈಶಾನ್ಯ ಮೂಲೆಯಲ್ಲಿ ವರ್ಮಾಂಟ್ ಎಂಬ ಸಂಸ್ಥಾನವಿದೆ. ಹಸಿರು ಬೆಟ್ಟಗಳ ನಾಡೆಂದು ಅದರ ಹೆಸರಿನ ಅರ್ಥ. ೨೦೨೦ ರ ಖಾನೇಸುಮಾರಿಯಲ್ಲಿ ಅದರ ಒಟ್ಟು ಜನಸಂಖ್ಯೆ ೬,೪೩,೦೭೭. ನಮ್ಮ ಕೊಡಗಿನ ಜನಸಂಖ್ಯೆ ೨೦೧೧ ರಲ್ಲಿ ಐದೂವರೆ ಲಕ್ಷವಿದ್ದುದನ್ನು ನೆನೆದರೆ ಅಳತೆ ತಿಳಿದೀತು. ವಿಸ್ತಾರದಲ್ಲಿ ಮಾತ್ರ ಕೊಡಗಿನ ಆರು ಪಟ್ಟು. ಹೀಗಾಗಿ ಮನೆಗಳು ದೂರ ದೂರ, ಊರುಗಳು ಸಣ್ಣವು, ಹಾದಿಗಳು ಬೆಟ್ಟದವು, ಚಳಿಗಾಲದಲ್ಲಿ ಹಿಮ. ಹಾಲು ಹೈನದ ಒಕ್ಕಲುತನವೂ ಮೇಪಲ್ ಮರದ ಸಿಹಿರಸವೂ ಅಲ್ಲಿಯ ಹೆಸರುವಾಸಿ ಕಸಬುಗಳು. ಶಿಕ್ಷಕರಾದ ನಿಮಗೆ ಈ ನಾಡಿನ ಋಣ ಒಂದಿದೆ. ಶಿಕ್ಷಣಶಾಸ್ತ್ರದ ಆಚಾರ್ಯರಾದ ಜಾನ್ ಡ್ಯೂಯಿಯವರು ೧೮೫೯ ರಲ್ಲಿ ಈ ಸಂಸ್ಥಾನದ ಬರ್ಲಿಂಗ್‌ಟನ್ ಪಟ್ಟಣದಲ್ಲಿ ಹುಟ್ಟಿ, ಅಲ್ಲಿಯ ಸಾರ್ವಜನಿಕ ಶಾಲೆಯಲ್ಲಿಯೇ ಓದಿ, ಅಲ್ಲಿಯ ವಿಶ್ವವಿದ್ಯಾಲಯದಿಂದಲೇ ಪದವಿ ಪಡೆದವರು. ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನಮ್ಮ ಡಾಕ್ಟರ್ ಅಂಬೇಡಕರರು ಈ ಡ್ಯೂಯಿಯವರ ಶಿಷ್ಯರಾಗಿದ್ದರು. ಆ ಹಳ್ಳಿಗಾಡಿನ ಗಾಳಿ ಹೀಗೆ ಸುತ್ತಿ ಬಳಸಿ ನಮ್ಮ ದೇಶಕ್ಕೂ ಬೀಸಿದೆ.

ಈ ಪುಟ್ಟ ಸಂಸ್ಥಾನವು ೧೭೭೭ ರಲ್ಲಿ, ಇನ್ನೂ ಅಮೇರಿಕೆಯ ಒಕ್ಕೂಟವನ್ನು ಸೇರುವ ಮೊದಲೇ, ತನ್ನದೊಂದು ರಾಜ್ಯಘಟನೆಯನ್ನು ಬರೆದುಕೊಂಡಿತು. ಪ್ರತಿಯೊಂದು ಊರಲ್ಲಿಯೂ ಶಾಲೆ ಇರತಕ್ಕದ್ದೆಂದು ಅದರಲ್ಲಿಯೇ ವಿಧಿಸಿತು. ಕಾಡು ಕಡಿದು ಹೊಲ ಮಾಡುತ್ತಿದ್ದ ಜನ, ಯುದ್ಧದ ನಡುವೆ, ಹೊಟ್ಟೆಗೆ ಸಾಲದ ಕಾಲದಲ್ಲಿ, ಮೂಲಶಾಸನದಲ್ಲಿಯೇ ಶಾಲೆಯನ್ನು ಬರೆದಿಟ್ಟರೆಂಬುದನ್ನು ಲಕ್ಷ್ಯದಲ್ಲಿಡಿರಿ. ಈ ಒಂದು ವಾಕ್ಯವು ಇನ್ನೂರಿಪ್ಪತ್ತು ವರ್ಷಗಳ ತರುವಾಯ ನ್ಯಾಯಾಲಯದಲ್ಲಿ ಎದ್ದು ನಿಂತು ಮಾತಾಡಿತು. ಅದನ್ನು ಮುಂದೆ ಹೇಳುತ್ತೇನೆ.

ಅಲ್ಲಿ ‘ಡಿಸ್ಟ್ರಿಕ್ಟ್’ ಎಂದರೆ ನಮ್ಮ ಜಿಲ್ಲೆಯೆಂದು ತಿಳಿಯಬಾರದು. ಶಾಲೆಯ ಸಲುವಾಗಿಯೇ ಗೆರೆ ಕೊರೆದುಕೊಂಡ ಸಣ್ಣ ವಲಯಕ್ಕೆ ಆ ಹೆಸರು; ನಾವು ಅದನ್ನು ಶಾಲಾಮಂಡಲವೆನ್ನೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಒಂದೊಂದು ಊರಿನೊಳಗೂ ಅನೇಕ ಮಂಡಲಗಳಿದ್ದವು. ಸಂಸ್ಥಾನದಲ್ಲೆಲ್ಲ ಎರಡು ಸಾವಿರಕ್ಕೂ ಮೇಲ್ಪಟ್ಟು. ಒಂದೊಂದಕ್ಕೂ ಒಂದೇ ಕೋಣೆಯ ಶಾಲೆ, ಒಬ್ಬಳೇ ಶಿಕ್ಷಕಿ, ಒಂದು ಒಲೆ. ಮಂಡಲದ ಒಕ್ಕಲುಗಳೇ ಕೂಡಿ ಕಮೀಟಿ ಆರಿಸಿ, ಪಟ್ಟಿ ಹಾಕಿ, ಸೌದೆ ಒದಗಿಸಿ ಶಾಲೆ ನಡೆಸುತ್ತಿದ್ದರು. ನಮ್ಮಲ್ಲಿ ಬಡ ವಿದ್ಯಾರ್ಥಿಗಳು ವಾರಾನ್ನ ಮಾಡಿ ಓದಿದಂತೆ ಅಲ್ಲಿ ಶಿಕ್ಷಕಿಯೇ ಸರದಿಯ ಮೇಲೆ ಮನೆಮನೆಯಲ್ಲಿ ಉಂಡು ಮಲಗಿ ಪಾಠ ಹೇಳಬೇಕಾಗುತ್ತಿತ್ತು. ಮುಂದೆ ಅಮೇರಿಕೆಯ ಅಧ್ಯಕ್ಷರಾದ ಕ್ಯಾಲ್ವಿನ್ ಕೂಲಿಜ್‌ರವರು ಓದಿದ್ದು ಪ್ಲಿಮತ್ ಎಂಬ ಹಳ್ಳಿಯ ಇಂಥದೇ ಒಂದು ಕೋಣೆಯ ಶಾಲೆಯಲ್ಲಿ. ಈ ವ್ಯವಸ್ಥೆಯಲ್ಲಿ ಮಮತೆಯೇನೋ ತುಂಬಾ ಇತ್ತು. ಆದರೆ ಅನುಕೂಲಸ್ಥ ಮಂಡಲಕ್ಕೂ ಬಡ ಮಂಡಲಕ್ಕೂ ಅಂತರ ಬಹಳವಿತ್ತು. ಕಡೆಗೆ ೧೮೯೨ ರಲ್ಲಿ ಕಾಯದೆ ಮಾಡಿ ಕಿರುಮಂಡಲಗಳನ್ನೆಲ್ಲ ಅಳಿಸಿ ಊರಿಗೊಂದೇ ಮಂಡಲವನ್ನು ಉಳಿಸಿದರು. ಹಳ್ಳಿಯವರು ಬಹಳ ಬೈದರು. ನಮ್ಮ ಕೈಯೊಳಗಿನ ಶಾಲೆಯನ್ನು ಕಸಿದುಕೊಂಡರೆಂಬ ಕೂಗು ಅಂದಿನಿಂದ ಇಂದಿನವರೆಗೆ ಆ ನಾಡಿನಲ್ಲಿ ಅಡಗಿಲ್ಲ.

ಇದು ಪ್ರಾಥಮಿಕ ಶಾಲೆಗಳ ಮಾತಾಯಿತು. ಹಾಯ್‌ಸ್ಕೂಲು ಕಟ್ಟುವ ಶಕ್ತಿ ಮಾತ್ರ ಸಣ್ಣ ಊರುಗಳಿಗೆ ಇರಲಿಲ್ಲ. ಆ ಕೊರತೆಯನ್ನು ತುಂಬಿದವು ಖಾಸಗಿ ಅಕಾಡೆಮಿಗಳು. ಥೆಟ್‌ಫರ್ಡ್ ಅಕಾಡೆಮಿಯು ೧೮೧೯ ರಲ್ಲಿ ಹುಟ್ಟಿತು. ಸೇಂಟ್ ಜಾನ್ಸ್‌ಬರಿ ಅಕಾಡೆಮಿಯನ್ನು ೧೮೪೨ ರಲ್ಲಿ ಫೇರ್‌ಬ್ಯಾಂಕ್ಸ್ ಮನೆತನದ ಮೂವರು ಅಣ್ಣತಮ್ಮಂದಿರು ಕಟ್ಟಿದರು. ಇವರು ತೂಕದ ಯಂತ್ರಗಳನ್ನು ಮಾಡಿ ಲೋಕಕ್ಕೆಲ್ಲ ಮಾರಿದವರು. ಬಂಡಿಯನ್ನೇ ನಿಲ್ಲಿಸಿ ತೂಗುವ ತಕ್ಕಡಿಯನ್ನು ರೂಢಿಗೆ ತಂದವರು. ತಾವು ಗಳಿಸಿದ್ದರಲ್ಲಿ ಒಂದು ಪಾಲನ್ನು ತಮ್ಮೂರಿನ ಮಕ್ಕಳಿಗೆ ತೂಗಿಕೊಟ್ಟರು. ನಮ್ಮ ಬೆಳಗಾವಿಯಲ್ಲಿ ೧೯೧೬ ರಲ್ಲಿ ಏಳು ಜನರು ಕೂಡಿ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಹುಟ್ಟುಹಾಕಿದುದನ್ನು ಬಲ್ಲ ನಿಮಗೆ ಈ ತ್ಯಾಗದ ಬೆಲೆಯನ್ನು ನಾನು ಹೇಳಬೇಕಾಗಿಲ್ಲ. ಸರಕಾರ ಮಾಡದ ಕೆಲಸವನ್ನು ಊರ ದೊಡ್ಡವರು ಮಾಡಿದಾಗ ಹುಟ್ಟುವ ಖಾಸಗಿ ಶಾಲೆ ಒಂದು ಬಗೆ. ಸರಕಾರ ಮಾಡುತ್ತಿರುವ ಕೆಲಸದಿಂದ ತಪ್ಪಿಸಿಕೊಳ್ಳಲು ಹುಟ್ಟುವ ಖಾಸಗಿ ಶಾಲೆ ಇನ್ನೊಂದು ಬಗೆ. ಇವೆರಡನ್ನೂ ಒಂದೇ ಹೆಸರಿನಿಂದ ಕರೆಯುತ್ತೇವಾದ್ದರಿಂದ ನಮ್ಮ ವಾದಗಳೆಲ್ಲ ಗೊಂದಲಕ್ಕೆ ಬೀಳುತ್ತವೆ.

೧೮೬೯ ರಿಂದ ವರ್ಮಾಂಟಿನಲ್ಲಿ ಒಂದು ಪದ್ಧತಿ ನಡೆದುಬಂದಿದೆ. ಯಾವ ಊರಲ್ಲಿ ಸ್ವಂತ ಹಾಯ್‌ಸ್ಕೂಲಿಲ್ಲವೋ ಆ ಊರು ತನ್ನ ಮಕ್ಕಳ ಫೀಯನ್ನು ಸಾರ್ವಜನಿಕ ಹಣದಿಂದಲೇ ತೆತ್ತು ನೆರೆಯೂರಿನ ಶಾಲೆಗೆ ಅಥವಾ ಮಾನ್ಯತೆ ಪಡೆದ ಅಕಾಡೆಮಿಗೆ ಕಳುಹಿಸಬಹುದು. ಎಷ್ಟೋ ಊರುಗಳಲ್ಲಿ ಯಾವ ಶಾಲೆಯೆಂಬ ಆಯ್ಕೆ ತಾಯಿತಂದೆಗಳದೇ. ಸೇಂಟ್ ಜಾನ್ಸ್‌ಬರಿಯಲ್ಲಿ ಸಾರ್ವಜನಿಕ ಹಾಯ್‌ಸ್ಕೂಲೇ ಇಲ್ಲ. ಅಕಾಡೆಮಿಯೇ ಊರಿನ ಹಾಯ್‌ಸ್ಕೂಲಾಗಿ ತಲೆಮಾರುಗಳಿಂದ ಕೆಲಸ ಮಾಡಿದೆ. ಹೊಸ ಕಟ್ಟಡದ ವೆಚ್ಚವಿಲ್ಲದೆ ಹಳ್ಳಿಯ ಹುಡುಗನಿಗೆ ಉತ್ತಮ ಶಿಕ್ಷಣ ಸಿಕ್ಕಿತು; ಅಕಾಡೆಮಿಗೂ ನೆಲೆ ನಿಂತಿತು. ಇದು ಈ ಪದ್ಧತಿಯ ಗುಣ.

ದೋಷವು ಎಲ್ಲಿ ಅಡಗಿತ್ತು? ಹಣ ಊರಿನದು, ಆದರೆ ಅಕಾಡೆಮಿಯ ಆಡಳಿತಮಂಡಲಿಯನ್ನು ಊರು ಚುನಾಯಿಸುವುದಿಲ್ಲ. ಸಾರ್ವಜನಿಕ ಶಾಲೆಯು ಬಾಗಿಲಿಗೆ ಬಂದ ಮಗುವನ್ನು ಬೇಡವೆನ್ನಲಾಗದು. ಖಾಸಗಿ ಶಾಲೆಯು ಬೇಕಾದುದನ್ನು ಆರಿಸಿಕೊಳ್ಳಬಹುದು. ಕಿವಿ ಕೇಳದ, ಕಣ್ಣು ಕಾಣದ, ಬುದ್ಧಿ ನಿಧಾನವಾಗಿ ಅರಳುವ ಮಗುವಿನ ಪಾಲಿಗೆ ಆಯ್ಕೆ ಎಂಬ ಮಾತಿನ ಅರ್ಥವೇನು? ಆರಿಸುವವರು ತಾಯಿತಂದೆಗಳೋ ಶಾಲೆಯವರೋ? ಸಾರ್ವಜನಿಕ ಹಣ ಪಡೆಯುವ ಖಾಸಗಿ ಶಾಲೆಗಳು ಇಂಥ ಮಕ್ಕಳನ್ನೂ ಸೇರಿಸಿಕೊಳ್ಳತಕ್ಕದ್ದೆಂದು ವಿಧಿಸಲು ಆ ಸಂಸ್ಥಾನಕ್ಕೆ ೨೦೧೮ ರ ಕಾಯದೆಯೊಂದು ಬೇಕಾಯಿತು. ಪದ್ಧತಿ ಆರಂಭವಾಗಿ ಆಗಲೇ ಸುಮಾರು ನೂರೈವತ್ತು ವರ್ಷಗಳು ಸಂದಿದ್ದವು.

ಇನ್ನು ನಾನು ಮೊದಲೇ ಹೇಳಿದ ಖಟ್ಲೆಗೆ ಬರುತ್ತೇನೆ. ಊರು ಊರೇ ತನ್ನ ಶಾಲೆಯನ್ನು ಸಾಕಬೇಕೆಂದರೆ ಹಣ ಬರುವುದು ಮನೆ ಜಮೀನುಗಳ ಮೇಲಿನ ಕರದಿಂದ. ಬೆಟ್ಟದ ಇಳುಕಲಿನಲ್ಲಿ ಹಿಮದ ಮೇಲೆ ಜಾರುವ ವಿಹಾರಸ್ಥಳವಿದ್ದ ಊರಲ್ಲಿ ಹೊರಗಿನ ಧನಿಕರು ಬಂದು ಬಂಗಲೆ ಕಟ್ಟಿದರು. ಆಸ್ತಿಯ ಬೆಲೆ ಏರಿತು. ಅಲ್ಪ ಕರದಿಂದಲೇ ಬೊಕ್ಕಸ ತುಂಬಿತು. ಆ ಬಂಗಲೆಗಳ ಮಕ್ಕಳು ಊರ ಶಾಲೆಗೆ ಬರುವವರಲ್ಲ, ಹಣ ಮಾತ್ರ ಬರುತ್ತಿತ್ತು. ಪಕ್ಕದ ಒಕ್ಕಲಿಗರ ಊರಲ್ಲಿ ಬಂಗಲೆಯಿಲ್ಲ. ಅಲ್ಲಿ ಕರದ ದರ ಹೆಚ್ಚು, ಶಾಲೆಗೆ ದೊರೆಯುವ ಹಣ ಕಡಿಮೆ. ೧೯೯೫ ನೆಯ ಹಣಕಾಸಿನ ವರ್ಷದಲ್ಲಿ ಈಡನ್ ಎಂಬ ಊರು ಒಂದು ಮಗುವಿಗೆ ೨,೯೭೯ ಡಾಲರು ವೆಚ್ಚ ಮಾಡಿದರೆ ವಿನ್‌ಹಾಲ್ ಎಂಬ ಊರು ೭,೭೨೬ ಡಾಲರು ವೆಚ್ಚ ಮಾಡಿತ್ತು. ಒಂದೇ ಸಂಸ್ಥಾನ, ಒಂದೇ ರಾಜ್ಯಘಟನೆ, ಆದರೆ ಮಗುವಿನ ಬೆಲೆ ಎರಡು ಬಗೆ.

ವೈಟಿಂಗ್ ಎಂಬ ಸಣ್ಣ ಊರಿನ ವಿದ್ಯಾರ್ಥಿನಿಯೊಬ್ಬಳ ಹೆಸರು ಮುಂದಾಗಿ ಇದರ ಮೇಲೆ ದಾವೆ ಹೂಡಲಾಯಿತು. ಇದು ‘ಬ್ರಿಗ್‌ಹ್ಯಾಮ್ ವಿರುದ್ಧ ವರ್ಮಾಂಟ್ ಸಂಸ್ಥಾನ’ ಎಂಬ ಪ್ರಸಿದ್ಧ ಖಟ್ಲೆ. ಊರುಗಳಿಗೆ ಸ್ವಾತಂತ್ರ್ಯ ಬೇಡವೇ, ತಮ್ಮ ಹಣವನ್ನು ತಮಗೆ ತೋರಿದಂತೆ ವೆಚ್ಚ ಮಾಡಬೇಡವೇ ಎಂಬುದು ಸರಕಾರದ ಪಕ್ಷದ ವಾದ. ವರಿಷ್ಠ ನ್ಯಾಯಾಲಯವು ೧೯೯೭ ರ ಫೆಬ್ರವರಿ ೫ ರಂದು ತೀರ್ಪು ಕೊಟ್ಟಿತು. ಅದರ ಭಾವಾರ್ಥವಿಷ್ಟು: ಶಿಕ್ಷಣ ಕೊಡಿಸುವ ಹೊಣೆಯನ್ನು ರಾಜ್ಯಘಟನೆಯು ಸಂಸ್ಥಾನದ ಮೇಲೆ ಹೊರಿಸಿದೆ. ಶಾಲೆ ನಡೆಸುವ ಕೆಲಸವನ್ನು ಅದು ಊರಿಗೆ ಒಪ್ಪಿಸಬಹುದು; ಹೊಣೆಯನ್ನು ಮಾತ್ರ ಕಳಚಿ ಊರ ತಲೆಗೆ ಕಟ್ಟಲಾಗದು. ಕಾಸಿಗೆ ಕಾಸು ಸಮವಾಗಿರಬೇಕೆಂದಿಲ್ಲ. ಆದರೆ ಬಡ ಊರಿನ ಮಗುವಿಗೂ ಶ್ರೀಮಂತ ಊರಿನ ಮಗುವಿಗೂ ಬಹುಮಟ್ಟಿಗೆ ಸಮಾನವಾದ ಅವಕಾಶ ಸಿಕ್ಕಲೇಬೇಕು. ಇನ್ನು ಸ್ವಾತಂತ್ರ್ಯದ ಮಾತು: ಆಯ್ದುಕೊಳ್ಳಲು ಹಣವೇ ಇಲ್ಲದ ಬಡ ಊರಿಗೆ ಈ ಸ್ವಾತಂತ್ರ್ಯ ಇದ್ದೂ ಇಲ್ಲದಂತೆ. ನೋಡಿರಿ, ೧೭೭೭ ರಲ್ಲಿ ಕಾಡಿನ ನಡುವೆ ಬರೆದ ಒಂದು ವಾಕ್ಯ ಹೀಗೆ ಮಾತಾಡಿತು. ಮೂಲಶಾಸನದಲ್ಲಿ ಒಳ್ಳೆಯ ಮಾತನ್ನು ಬರೆದಿಡುವುದು ವ್ಯರ್ಥವಲ್ಲವೆಂದು ನಮ್ಮ ಕಸಬಿನವರು ನಂಬುವುದು ಇಂಥ ದಿನಗಳಿಂದಲೇ.

ಅದೇ ವರ್ಷ ಜೂನಿನಲ್ಲಿ ಕಾಯದೆ ಬಂತು. ಅರುವತ್ತನೆಯ ಕಾಯದೆಯೆಂದು ಅದರ ರೂಢಿಯ ಹೆಸರು. ಆಸ್ತಿಯ ನೂರು ಡಾಲರಿಗೆ ಒಂದು ಡಾಲರು ಹತ್ತು ಸೆಂಟಿನಂತೆ ಸಂಸ್ಥಾನಕ್ಕೆಲ್ಲ ಒಂದೇ ಕರ. ಸಾಧಾರಣ ಆದಾಯದವರಿಗೆ ಅದರಲ್ಲಿ ರಿಯಾಯಿತಿ. ಹೆಚ್ಚು ವೆಚ್ಚ ಮಾಡಬಯಸುವ ಶ್ರೀಮಂತ ಊರು ಬಡ ಊರುಗಳ ಸಲುವಾಗಿ ಪಾಲು ಕೊಡಬೇಕು. ಅನುಕೂಲಸ್ಥ ಊರುಗಳಲ್ಲಿ ಬೆಂಕಿ ಬಿದ್ದಂತಾಯಿತು. ಕೆಲವರು ಹಣ ಕೊಡುವುದಿಲ್ಲವೆಂದು ಹಟ ಹಿಡಿದರು. ಕೆಲವರು ಪಾಲು ಕೊಡುವುದನ್ನು ತಪ್ಪಿಸಲು ಖಾಸಗಿ ನಿಧಿ ಕೂಡಿಸಿದರು. ತೀರ್ಪಿನಲ್ಲಿ ಹೆಚ್ಚು ವೆಚ್ಚದ ಊರೆಂದು ಹೆಸರಾದ ಆ ವಿನ್‌ಹಾಲ್ ಏನು ಮಾಡಿತೆಂದರೆ, ೧೯೯೮ ರಲ್ಲಿ ತನ್ನ ಸಾರ್ವಜನಿಕ ಶಾಲೆಯನ್ನೇ ಮುಚ್ಚಿತು. ಊರಿಗೆ ಹೊಸದಾಗಿ ಒಂದು ಖಾಸಗಿ ಶಾಲೆ ಬಂತು. ಸ್ವಂತ ಶಾಲೆಯಿಲ್ಲದ ಊರಾದುದರಿಂದ ೧೮೬೯ ರ ಪದ್ಧತಿಯಂತೆ ಮಕ್ಕಳ ಫೀ ಸಾರ್ವಜನಿಕ ಹಣದಿಂದಲೇ ಹೋಗತೊಡಗಿತು. ಇಲ್ಲದವರ ಸಲುವಾಗಿ ಮಾಡಿದ ಪದ್ಧತಿಯ ಬಾಗಿಲಿನಿಂದ ಉಳ್ಳವರು ಹೊರಟುಹೋದರು. ಕಾಯದೆಯ ಅಕ್ಷರ ತಪ್ಪಲಿಲ್ಲ. ಅದರ ಆತ್ಮ ಎಲ್ಲಿ ಹೋಯಿತೆಂದು ನೀವೇ ಯೋಚಿಸಿರಿ.

ಹಾಗೆಂದು ಈ ಊರುಗಳ ಮೇಲೆಯೇ ಪೂರ್ತಿ ತಪ್ಪು ಹೊರಿಸುವುದು ನ್ಯಾಯವಲ್ಲ. ಇನ್ನೊಂದು ಭಯವೂ ಜನರ ಎದೆಯಲ್ಲಿತ್ತು, ಅದು ನಿಜವಾದ ಭಯವೇ. ಆ ಸಂಸ್ಥಾನದಲ್ಲಿ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದಿದೆ. ಮಕ್ಕಳು ಕಡಿಮೆ, ಶಾಲೆಗಳು ಅಷ್ಟೇ, ವೆಚ್ಚ ಹೆಚ್ಚು. ಆಗ ಕೂಡಿಸಿರಿ ಎಂಬ ಸಲಹೆ ರಾಜಧಾನಿಯಿಂದ ಬರುವುದು ಸಹಜ. ೨೦೧೫ ರ ನಲವತ್ತಾರನೆಯ ಕಾಯದೆಯು ಸಣ್ಣ ಮಂಡಲಗಳನ್ನು ಕೂಡಿಸಿ ಕನಿಷ್ಠ ಒಂಬೈನೂರು ವಿದ್ಯಾರ್ಥಿಗಳ ಮಂಡಲಗಳನ್ನಾಗಿ ಮಾಡುವ ಗುರಿಯಿಟ್ಟಿತು. ಒಪ್ಪಿ ಕೂಡಿದವರಿಗೆ ಕರದಲ್ಲಿ ರಿಯಾಯಿತಿ. ಒಪ್ಪದ ಹಲವು ಊರುಗಳನ್ನು ೨೦೧೮ ರಲ್ಲಿ ಸಂಸ್ಥಾನದ ಶಿಕ್ಷಣ ಮಂಡಲಿಯು ಆಜ್ಞೆಯಿಂದಲೇ ಕೂಡಿಸಿತು. ಊರುಗಳು ಕೋರ್ಟಿಗೆ ಹೋಗಿ ಸೋತವು. ಹೀಗೆ ಕೂಡಿದ ಮೇಲೆ, ನಮ್ಮೂರ ಶಾಲೆ ಉಳಿಯಬೇಕೋ ಬೇಡವೋ ಎಂಬ ಪ್ರಶ್ನೆಯಲ್ಲಿ ನಮ್ಮೂರ ಮತಗಳೊಂದಿಗೆ ಪರವೂರ ಮತಗಳೂ ಬೀಳತೊಡಗಿದವು. ಉತ್ತರ ಬೆನ್ನಿಂಗ್‌ಟನ್ ಎಂಬ ಊರು ಈ ದಿನ ಬಂದೀತೆಂದು ಮೊದಲೇ ಅಂಜಿ ೨೦೧೩ ರಲ್ಲಿ ತನ್ನ ಸಾರ್ವಜನಿಕ ಶಾಲೆಯನ್ನು ಖಾಸಗಿ ಶಾಲೆಯಾಗಿ ಮಾರ್ಪಡಿಸಿಕೊಂಡಿತು. ಶಾಲೆಯನ್ನು ಉಳಿಸಿಕೊಳ್ಳುವುದಕ್ಕಾಗಿ ಅದನ್ನು ಸಾರ್ವಜನಿಕರ ಕೈಯಿಂದಲೇ ತೆಗೆದುಬಿಡಬೇಕಾದಂಥ ಪರಿಸ್ಥಿತಿ! ಸರಕಾರವು ಊರ ಮಮತೆಯನ್ನು ಲೆಕ್ಕದ ಪುಸ್ತಕದಿಂದ ಹೊರಗಿಟ್ಟರೆ ಇಂಥ ಪ್ರಸಂಗಗಳು ಬರುತ್ತವೆ.

ಮಂಡಲದ ವೆಚ್ಚಕ್ಕೆ ಅಲ್ಲಿ ಜನರೇ ಪ್ರತಿ ವರ್ಷ ಮತ ಕೊಡಬೇಕೆಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ಮಾರ್ಚ್ ತಿಂಗಳ ಮೊದಲನೆಯ ಮಂಗಳವಾರ ಊರಸಭೆಯ ದಿನ. ಒಕ್ಕಲಿಗ, ಅಂಗಡಿಕಾರ, ವಿಧವೆ, ವೈದ್ಯ, ಎಲ್ಲರೂ ಬಂದು ಶಾಲೆಯ ಆಯವ್ಯಯವನ್ನು ಒಪ್ಪುತ್ತಾರೆ ಅಥವಾ ತಳ್ಳುತ್ತಾರೆ. ೨೦೨೪ ರಲ್ಲಿ ಕರದ ಹೊರೆ ವಿಪರೀತ ಏರಿದಾಗ ಮೂರರಲ್ಲೊಂದು ಭಾಗದಷ್ಟು ಮಂಡಲಗಳ ಆಯವ್ಯಯಗಳು ಮೊದಲ ಸಲಕ್ಕೆ ಬಿದ್ದುಹೋದವು. ಇದರ ಒಳಿತು ಕೆಡುಕು ಹೇಗೇ ಇರಲಿ, ಶಾಲೆಗೆ ಎಷ್ಟು ವೆಚ್ಚವಾಗುತ್ತದೆಂಬುದು ಆ ನಾಡಿನ ಮತದಾರನಿಗೆ ಗೊತ್ತಿರುತ್ತದೆ. ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿದೆ?

ಈ ನಡುವೆ ಇನ್ನೊಂದು ಗಂಟು ಬಿತ್ತು. ಮತದ ಶಾಲೆಗಳಿಗೆ ಸಾರ್ವಜನಿಕ ಹಣ ಸಲ್ಲುವುದೇ? ಚಿಟೆಂಡನ್ ಎಂಬ ಊರಿನ ಖಟ್ಲೆಯಲ್ಲಿ ವರ್ಮಾಂಟಿನ ನ್ಯಾಯಾಲಯ ೧೯೯೯ ರಲ್ಲಿ, ಆ ಹಣ ಮತಬೋಧೆಗೆ ಹೋಗದಂತೆ ತಡೆಯುವ ಉಪಾಯವಿಲ್ಲದೆ ಕೊಡಕೂಡದೆಂದಿತು. ಆದರೆ ಮೇನ್ ಸಂಸ್ಥಾನದ ಇಂಥದೇ ಪದ್ಧತಿಯ ವಿಷಯದಲ್ಲಿ ಅಮೇರಿಕೆಯ ಸರ್ವೋಚ್ಚ ನ್ಯಾಯಾಲಯ ೨೦೨೨ ರಲ್ಲಿ ಬೇರೆ ಹೇಳಿತು. ಖಾಸಗಿ ಶಾಲೆಗಳಿಗೆ ಹಣ ಕೊಡಲೇಬೇಕೆಂಬ ಕಟ್ಟಳೆ ಇಲ್ಲ. ಆದರೆ ಒಮ್ಮೆ ಕೊಡಹೊರಟರೆ ಮತದ ಶಾಲೆಯೆಂಬ ಕಾರಣಕ್ಕಾಗಿ ಒಂದನ್ನು ಹೊರಗಿಡಲಾಗದು ಎಂಬುದು ಆ ತೀರ್ಪು. ಖಾಸಗಿ ಶಾಲೆಗೆ ತೆರೆದ ಬಾಗಿಲನ್ನು ಎಲ್ಲಿಯವರೆಗೆ ತೆರೆದಿಡಬೇಕೆಂಬ ಪ್ರಶ್ನೆ ಹೀಗೆ ಮೊದಲಿಗಿಂತ ಬಿಗಿಯಾಯಿತು.

ಕಡೆಗೆ ೨೦೨೫ ರ ಜುಲೈ ೧ ರಂದು ಗವರ್ನರರು ಎಪ್ಪತ್ತಮೂರನೆಯ ಕಾಯದೆಗೆ ಸಹಿ ಹಾಕಿದರು. ಸುಮಾರು ನೂರಿಪ್ಪತ್ತು ಮಂಡಲಗಳನ್ನು ಕೂಡಿಸಿ ಕೆಲವೇ ದೊಡ್ಡ ಮಂಡಲಗಳನ್ನಾಗಿ ಮಾಡುವುದು ಅದರ ಉದ್ದೇಶ. ಖಾಸಗಿ ಶಾಲೆಗಳಿಗೂ ಅದು ಹೊಸ ಗೆರೆ ಎಳೆಯಿತು: ಆ ತರಗತಿಗೆ ಸಾರ್ವಜನಿಕ ಶಾಲೆಯಿಲ್ಲದ ಪ್ರದೇಶದಲ್ಲಿರಬೇಕು, ಮತ್ತು ವಿದ್ಯಾರ್ಥಿಗಳಲ್ಲಿ ಕಾಲು ಭಾಗವಾದರೂ ಮೊದಲಿನಿಂದ ಸಾರ್ವಜನಿಕ ಹಣದಿಂದ ಓದುವವರಾಗಿರಬೇಕು, ಅಂಥ ಶಾಲೆಗೆ ಮಾತ್ರ ಊರಿನ ಹಣ. ಎಂದರೆ ಊರಿನ ಕೆಲಸ ಮಾಡುತ್ತಿರುವ ಹಳೆಯ ಅಕಾಡೆಮಿ ಉಳಿಯಲಿ, ಊರನ್ನು ಬಿಟ್ಟು ನಿಂತ ಶಾಲೆ ತನ್ನ ಹಣದಿಂದ ನಡೆಯಲಿ ಎಂಬ ಭಾವ. ಮಂಡಲಗಳ ಹೊಸ ಗಡಿ ಬರೆಯಲು ನೇಮಿಸಿದ ಸಮಿತಿಯು ಊರೂರ ಮಾತು ಕೇಳಿ, ಆ ವರ್ಷದ ಕೊನೆಯಲ್ಲಿ, ಬಲವಂತದ ನಕ್ಷೆಯ ಬದಲು ಒಪ್ಪಿ ಕೂಡುವ ದಾರಿಯನ್ನೇ ಸೂಚಿಸಿತು. ಗಡಿ ಬರೆಯುವುದು ನಕ್ಷೆಯ ಮೇಲೆ ಸುಲಭ, ನೆಲದ ಮೇಲೆ ಕಷ್ಟವೆಂಬುದು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ.

ಮಹಾಶಯರೇ, ಇದು ಮೂರನೆಯವರ ಖಟ್ಲೆ. ಇನ್ನು ನಮ್ಮದಕ್ಕೆ ಬರೋಣ.

ಸಾರ್ವಜನಿಕ ಹಣದಿಂದ ಖಾಸಗಿ ಶಾಲೆಗೆ ನೆರವೆಂಬುದು ನಮಗೂ ಹೊಸದಲ್ಲ. ೧೮೫೪ ರ ವುಡ್ ಸಾಹೇಬರ ಖಲೀತೆಯಿಂದ ಗ್ರ್ಯಾಂಟಿನ ಪದ್ಧತಿ ನಮ್ಮಲ್ಲಿ ಬೇರೂರಿತು. ಆ ಗ್ರ್ಯಾಂಟಿನ ಆಸರೆಯಿಂದಲೇ ನಮ್ಮ ಎಷ್ಟೋ ಹೆಮ್ಮೆಯ ಸಂಸ್ಥೆಗಳು ಬೆಳೆದವು. ೨೦೦೯ ರ ಶಿಕ್ಷಣದ ಹಕ್ಕಿನ ಕಾಯದೆಯು ಖಾಸಗಿ ಶಾಲೆಯ ಮೊದಲ ತರಗತಿಯಲ್ಲಿ ನೂರಕ್ಕೆ ಇಪ್ಪತ್ತೈದು ಸ್ಥಾನಗಳನ್ನು ಬಡವರ ಮಕ್ಕಳಿಗೆ ಮೀಸಲಿಟ್ಟು, ಅವರ ಫೀಯನ್ನು ಸರಕಾರ ತೆರಬೇಕೆಂದಿತು. ಬಡವನ ಮಗು ದೊಡ್ಡವರ ಶಾಲೆಯ ಬಾಗಿಲು ದಾಟಿತೆಂದು ಹಲವರು ಸಂತೋಷಪಟ್ಟರು. ಆದರೆ ಆ ಮಗುವಿನ ಹಿಂದೆ ಸರಕಾರಿ ಶಾಲೆಯ ಬಾಕು ಬರಿದಾಯಿತೆಂದು ಇನ್ನು ಹಲವರು ಮರುಗಿದರು. ಕರ್ನಾಟಕ ಸರಕಾರವು ೨೦೧೯ ರಲ್ಲಿ ನಿಯಮ ತಿದ್ದಿ, ನೆರೆಯಲ್ಲಿ ಸರಕಾರಿ ಇಲ್ಲವೆ ಅನುದಾನಿತ ಶಾಲೆಯಿದ್ದರೆ ಆ ಸ್ಥಾನಗಳಿಗೆ ಹಣವಿಲ್ಲವೆಂದಿತು. ನೋಡಿರಿ, ವರ್ಮಾಂಟಿನ ಕಾಯದೆಗಾರರು ೨೦೨೫ ರಲ್ಲಿ ಹಿಡಿದ ಹಾದಿಯನ್ನು ನಮ್ಮವರು ಆರು ವರ್ಷ ಮೊದಲೇ ಹಿಡಿದಿದ್ದರು. ಆ ಹಾದಿ ಸರಿಯೆಂದು ನನಗೆ ತೋರುತ್ತದೆ. ಆದರೆ ಒಂದು ಷರತ್ತಿನ ಮೇಲೆ. ನೆರೆಯ ಸರಕಾರಿ ಶಾಲೆ ಹೆಸರಿಗೆ ಮಾತ್ರ ಇದ್ದರೆ ಸಾಲದು, ಶಾಲೆಯಾಗಿ ಇರಬೇಕು. ಐದು ತರಗತಿಗೆ ಒಬ್ಬ ಮಾಸ್ತರರನ್ನು ಕೊಟ್ಟು, ಅವರನ್ನೂ ಬೇರೆ ಬೇರೆ ಸರಕಾರಿ ಕೆಲಸಗಳಿಗೆ ಅಟ್ಟಿ, ಇಗೋ ನಿನ್ನ ಶಾಲೆ, ಬೇರೆ ಬಾಗಿಲು ಮುಚ್ಚಿದೆ ಎಂದು ಬಡವನಿಗೆ ಹೇಳುವುದು ನ್ಯಾಯವಲ್ಲ, ಅದು ಸೆರೆ.

ಎರಡನೆಯ ಮಾತು, ಈಡನ್ ಮತ್ತು ವಿನ್‌ಹಾಲುಗಳದು. ಏಕೀಕರಣಕ್ಕಾಗಿ ನಮ್ಮ ಹಿರಿಯರು ತಮ್ಮ ಬಾಳನ್ನೇ ಸವೆಸಿದರು. ೧೯೫೬ ರ ನವೆಂಬರ್ ೧ ರಂದು ಹರಿದುಹೋಗಿದ್ದ ನಾಡು ಒಂದಾಯಿತು. ಅದಾಗಿ ಐವತ್ತೈದು ವರ್ಷಗಳ ಮೇಲೆ, ೨೦೧೧ ರ ಖಾನೇಸುಮಾರಿಯಲ್ಲಿ, ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ನೂರಕ್ಕೆ ೮೮ ಮಂದಿ ಅಕ್ಷರಸ್ಥರಾದರೆ ಯಾದಗಿರಿ ಜಿಲ್ಲೆಯಲ್ಲಿ ನೂರಕ್ಕೆ ೫೨ ಮಂದಿ ಮಾತ್ರ. ಒಂದೇ ನಾಡು, ಒಂದೇ ನುಡಿ, ಆದರೆ ಮಗುವಿನ ಭಾಗ್ಯ ಎರಡು ಬಗೆ. ಗಡಿಗಳನ್ನು ಕೂಡಿಸುವುದು ಒಂದು ಕೆಲಸ, ಮಕ್ಕಳ ಭಾಗ್ಯವನ್ನು ಕೂಡಿಸುವುದು ಇನ್ನೊಂದು. ಮೊದಲನೆಯದನ್ನು ಹಿರಿಯರು ಮಾಡಿ ಕೊಟ್ಟರು. ಎರಡನೆಯದನ್ನು ನಮಗಾಗಿ ಉಳಿಸಿಟ್ಟರು. ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ರಾಜ್ಯಘಟನೆಯಲ್ಲಿ ವಿಶೇಷ ಸ್ಥಾನವನ್ನೇನೋ ಕೊಟ್ಟಾಗಿದೆ. ಆದರೆ ವಿಧಿಯೆಂಬುದು ಬಾವಿಯಿದ್ದಂತೆ. ಹಗ್ಗ ಕೊಡಗಳನ್ನು ಹಿಡಿದು ನೀರು ಸೇದುವವರಿಲ್ಲದಿದ್ದರೆ ಬಾವಿಯಿಂದ ಬಾಯಾರಿಕೆ ತೀರದು.

ಮೂರನೆಯ ಮಾತು, ಒಡೆತನದ್ದು. ನಮ್ಮ ಹಿಂದಿನ ಗಾವಠಿ ಶಾಲೆಯಲ್ಲಿ ಕಲಿಕೆ ಅಲ್ಪವಾಗಿದ್ದಿರಬಹುದು, ಎಲ್ಲರ ಮಕ್ಕಳಿಗೂ ಅಲ್ಲಿ ಸ್ಥಳವಿರಲಿಲ್ಲವೆಂಬುದಂತೂ ನಮ್ಮ ತಲೆ ತಗ್ಗಿಸುವ ಮಾತು. ಆದರೂ ಮಾಸ್ತರರ ಹೊಟ್ಟೆಗೆ ಊರು ಹೊಣೆಯಾಗಿತ್ತು. ಇಂದು ಸಂಬಳ ಬೆಂಗಳೂರಿನಿಂದ, ಪುಸ್ತಕ ಬೆಂಗಳೂರಿನಿಂದ, ಆಜ್ಞೆ ಬೆಂಗಳೂರಿನಿಂದ. ಹೊಣೆ ಸರಕಾರದ್ದಾದುದು ಸರಿಯೇ. ಬಡ ಊರಿನ ಮಗುವಿಗೆ ಅದೇ ರಕ್ಷೆ. ಆದರೆ ಹೊಣೆ ಸರಕಾರಕ್ಕೆ ಹೋದಾಗ ಮಮತೆಯೂ ಅದರ ಹಿಂದೆಯೇ ಊರು ಬಿಟ್ಟುಹೋಯಿತು. ಅದನ್ನು ಮರಳಿ ತರಲೆಂದೇ ೨೦೦೧ ರಿಂದ ಪ್ರತಿ ಸರಕಾರಿ ಶಾಲೆಗೂ ಪಾಲಕರನ್ನೊಳಗೊಂಡ ಅಭಿವೃದ್ಧಿ ಮತ್ತು ಮೇಲ್ವಿಚಾರಣಾ ಸಮಿತಿಯನ್ನು ಏರ್ಪಡಿಸಿದರು. ಈ ಸಭೆಯಲ್ಲಿರುವ ನಾಗರಿಕರಲ್ಲಿ ತಮ್ಮ ಓಣಿಯ ಶಾಲೆಯ ಆ ಸಮಿತಿ ಎಂದು ಕೂಡುತ್ತದೆ, ಅದರಲ್ಲಿ ಯಾರು ಯಾರಿದ್ದಾರೆ ಎಂದು ಬಲ್ಲವರು ಎಷ್ಟು ಜನ? ಕೈ ಎತ್ತಿಸಿ ನಿಮ್ಮನ್ನು ನಾಚಿಸುವುದಿಲ್ಲ. ಹಾಗೆ ಮಾಡಿದರೆ ಮೊದಲು ನಾನೇ ನಾಚಬೇಕಾದೀತು. ನನ್ನ ಮಕ್ಕಳು ಓದಿದ್ದೂ ಫೀ ತೆತ್ತ ಶಾಲೆಯಲ್ಲಿಯೇ. ಆ ದಿನದಿಂದ ನಮ್ಮೂರ ಸರಕಾರಿ ಶಾಲೆಯ ಸೋರುವ ಮಾಳಿಗೆ ನನ್ನ ಕಣ್ಣಿಗೆ ಬ್ಯಾರಿಸ್ಟರನ ಗ್ರಂಥಗಳಲ್ಲಿಯ ಒಂದು ಸಂಗತಿಯಾಯಿತೇ ಹೊರತು ನನ್ನ ಮನೆಯ ಸೋರುವಿಕೆಯಾಗಿ ಉಳಿಯಲಿಲ್ಲ. ಉಳ್ಳವರು ಶಾಲೆಯನ್ನು ಬಿಟ್ಟುಹೋಗುವಾಗ ಹಣವನ್ನಷ್ಟೇ ಒಯ್ಯುವುದಿಲ್ಲ. ಅರ್ಜಿ ಬರೆಯುವ ಕೈ, ಅಧಿಕಾರಿಯ ಮುಂದೆ ನಿಂತು ಕೇಳುವ ಬಾಯಿ, ಇವನ್ನೂ ಒಯ್ಯುತ್ತಾರೆ. ಉಳಿದವರು ಮೂಕರಾಗುತ್ತಾರೆ.

ಸಣ್ಣ ಶಾಲೆಗಳನ್ನು ಮುಚ್ಚುವ, ಕೂಡಿಸುವ ಮಾತು ನಮ್ಮಲ್ಲಿಯೂ ಮೇಲಿಂದ ಮೇಲೆ ಏಳುತ್ತದೆ. ಎಂಟು ಮಕ್ಕಳ ಶಾಲೆಯನ್ನು ಎಂದೆಂದಿಗೂ ಹಾಗೆಯೇ ಇಡಬೇಕೆಂದು ನಾನು ವಾದಿಸುವುದಿಲ್ಲ. ಕೂಡಿಸಿದ ಶಾಲೆಯಲ್ಲಿ ಒಂದೊಂದು ತರಗತಿಗೂ ಒಬ್ಬ ಶಿಕ್ಷಕರು ದೊರೆಯುವುದಾದರೆ ಮಗುವಿಗೆ ಲಾಭವೇ. ಆದರೆ ಮುಚ್ಚುವ ಮೊದಲು ಊರ ಜನರನ್ನು ಕೂಡಿಸಿ ಕೇಳಬೇಕು. ಮಗುವನ್ನು ಕರೆದೊಯ್ಯುವ ವಾಹನದ ಏರ್ಪಾಡು ಮೊದಲು ಆಗಬೇಕು, ಬೀಗ ಆಮೇಲೆ ಬೀಳಬೇಕು. ಹಳ್ಳದಾಚೆಯ ಶಾಲೆಗೆ ಮಳೆಗಾಲದಲ್ಲಿ ಗಂಡುಮಗುವನ್ನು ಕಳುಹಿಸುವ ತಂದೆಯೂ ಹೆಣ್ಣುಮಗುವನ್ನು ಮನೆಯಲ್ಲಿಯೇ ಉಳಿಸಿಕೊಳ್ಳುತ್ತಾನೆ. ಬೀಗದ ಲೆಕ್ಕದಲ್ಲಿ ಈ ನಷ್ಟವನ್ನು ಬರೆಯುವ ಅಂಕಣವೇ ಇಲ್ಲ.

ಇಷ್ಟು ಹೇಳಿ ನನ್ನ ವಾದವನ್ನು ಸಂಗ್ರಹಿಸುತ್ತೇನೆ. ಯಾವ ಶಾಲೆಯಾದರೂ ಸರಿ, ಸರಕಾರದ್ದಿರಲಿ, ಸಂಸ್ಥೆಯದಿರಲಿ, ಮಠದ್ದಿರಲಿ, ಅದಕ್ಕೆ ಮೂರು ಪ್ರಶ್ನೆಗಳನ್ನು ಹಾಕಿರಿ. ಹಣ ಯಾರದು? ಲೆಕ್ಕ ಕೇಳುವವರು ಯಾರು? ಮಗುವನ್ನು ಆರಿಸುವವರು ಯಾರು? ಹಣ ಸಾರ್ವಜನಿಕರದಾಗಿದ್ದು, ಲೆಕ್ಕವೂ ಸಾರ್ವಜನಿಕರಿಗೆ ಸಿಕ್ಕುತ್ತಿದ್ದು, ಬಂದ ಮಗುವನ್ನೆಲ್ಲ ಸೇರಿಸಿಕೊಳ್ಳುತ್ತಿದ್ದರೆ ಫಲಕದ ಮೇಲೆ ಯಾರ ಹೆಸರಿದ್ದರೂ ಅದು ನಮ್ಮ ಶಾಲೆ. ಹಣ ಮಾತ್ರ ನಮ್ಮದಾಗಿ ಉಳಿದೆರಡು ಅವರವಾಗಿದ್ದರೆ, ಗೋಡೆಯ ಮೇಲೆ ಎಷ್ಟೇ ದೊಡ್ಡ ಸುಭಾಷಿತ ಬರೆದಿರಲಿ, ಅದು ನಮ್ಮದಲ್ಲ. ಹಾಗೆಯೇ, ಮೂರೂ ನಮ್ಮವಾಗಿದ್ದೂ ನಾವು ಅತ್ತ ಸುಳಿಯದೆ ಇದ್ದರೆ ಆ ಶಾಲೆಯೂ ನಮ್ಮದಾಗಿ ಉಳಿಯುವುದಿಲ್ಲ.

ಶಿಕ್ಷಕ ಬಂಧುಗಳೇ, ನೀವು ಮನಸ್ಸು ಮಾಡಿದರೆ ಈ ಕೆಲಸ ನಾಳೆಯೇ ಆರಂಭವಾಗಬಲ್ಲದು. ಮುಂದಿನ ಸಮಿತಿಯ ಸಭೆಗೆ ಊರವರನ್ನು ಬಾಯಿಮಾತಿನಿಂದಲ್ಲ, ಮನೆ ಮನೆಗೆ ಹೋಗಿ ಕರೆಯಿರಿ. ಶಾಲೆಗೆ ಬಂದ ಹಣವೆಷ್ಟು, ಹೋದದ್ದೆಷ್ಟು ಎಂಬುದನ್ನು ಕರಿಹಲಗೆಯ ಮೇಲೆಯೇ ಬರೆದು ತೋರಿಸಿರಿ. ನಾಗರಿಕ ಮಿತ್ರರೇ, ಮಗ ಎಲ್ಲಿಯಾದರೂ ಓದಲಿ, ತಿಂಗಳಿಗೊಂದು ಸಂಜೆಯನ್ನು ಓಣಿಯ ಶಾಲೆಗೆ ಕೊಡಿರಿ. ಅರ್ಜಿ ಬರೆಯಲು ಯಾರೂ ಇಲ್ಲವೆಂದಾದರೆ ನನ್ನನ್ನು ಕರೆಯಿರಿ. ಆ ಕೆಲಸಕ್ಕೆ ನಾನು ಫೀ ಕೇಳುವವನಲ್ಲ.